ಜಾಣ ಕಾವಲುಗಾರನಿಲ್ಲದ ಆಟ

ತುಮಕೂರು ಸಮೀಪದ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೊಂಡದ್ದು 2014ರಲ್ಲಿ. ಅಲ್ಲಿನ ಕಾರ್ಖಾನೆಗಳಲ್ಲಿ ಇಂದು ಪಾಳಿಯ ಹೊಣೆ ಹೊತ್ತಿರುವ, ನಲವತ್ತರ ಆಸುಪಾಸಿನ ಹಲವರ ಮುಖ 'ಪ್ರಾಜೆಕ್ಟ್ ಐಜಿಐ' ಎಂದೊಡನೆ ಅರಳುತ್ತದೆ. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ರೂಪಿಸಿ, 2000ದ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಕಂಪ್ಯೂಟರ್ ಆಟ ನಮ್ಮ ಜಿಲ್ಲಾ ಕೇಂದ್ರಗಳ ಸೈಬರ್ ಕೆಫೆಗಳಲ್ಲಿ ಒಂದು ಪೀಳಿಗೆಯ ಸಂಜೆಗಳನ್ನೇ ನುಂಗಿತು. ನೆನಪಿನ ಮಮತೆ ಬೇರೆ, ಆಟದ ಯೋಗ್ಯತೆ ಬೇರೆ.

ಶತ್ರುವಿನ ಕಣ್ಣು ತಪ್ಪಿಸಿ, ಅವಿತು ಸಾಗುವುದೇ ಇಂಥ ಆಟಗಳ ಜೀವಾಳ. 1998ರ 'ಥೀಫ್' ಅದನ್ನು ಸಾಧಿಸಿ ತೋರಿಸಿತ್ತು. ಅಲ್ಲಿ ಲೋಹದ ನೆಲದ ಮೇಲೆ ಹೆಜ್ಜೆಯಿಟ್ಟರೆ ಕಾವಲುಗಾರನ ಕಿವಿ ನಿಮಿರುತ್ತಿತ್ತು. ಜಮಖಾನದ ಮೇಲಾದರೆ ಇಲ್ಲ. ಐಜಿಐ ಇನ್ನೂ ದೊಡ್ಡ ಬಯಲನ್ನು ತೆರೆದಿಟ್ಟಿತು. ಯುದ್ಧವಿಮಾನದ ಆಟವೊಂದಕ್ಕೆಂದು ಸಿದ್ಧಪಡಿಸಿದ್ದ ತಂತ್ರಾಂಶವೇ ಇದಕ್ಕೂ ತಳಹದಿಯಾದ್ದರಿಂದ, ಗುಡ್ಡದ ಮೇಲೆ ನಿಂತು ದುರ್ಬೀನಿನಲ್ಲಿ ಇಡೀ ನೆಲೆಯನ್ನು ಅಳೆಯಬಹುದಿತ್ತು. ಉಪಗ್ರಹದ ನಕ್ಷೆ ನೋಡಿ ಬೇಲಿ ದಾಟು, ಕ್ಯಾಮೆರಾ ಆರಿಸು, ಸದ್ದಿಲ್ಲದೆ ಹೊರಬಾ! ಇಷ್ಟು ಆಸೆ ಹುಟ್ಟಿಸಿದ ಆಟ ಎಡವಿದ್ದು ಕಾವಲುಗಾರರಲ್ಲಿ.

ಯಾವುದೇ ಕಾರ್ಖಾನೆಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನು ಜೊತೆಗಾರ ಕುಸಿದರೆ ಓಡಿಬರುತ್ತಾನೆ. ಐಜಿಐ ಸೈನಿಕ ಹಲವು ವೇಳೆ ತಿರುಗಿಯೂ ನೋಡುವುದಿಲ್ಲ. ಅದೇ ಸೈರನ್ ಕೂಗಿತೆನ್ನಿ, ಆಗಷ್ಟೇ ಖಾಲಿ ಮಾಡಿ ಬಂದ ಬ್ಯಾರಕ್ಕಿನಿಂದಲೇ ಹೊಸಬರು ಸಾಲುಗಟ್ಟಿ ಹೊರಡುತ್ತಾರೆ. ಕಾವಲುಗಾರನಿಗೆ ಬುದ್ಧಿಯಿಲ್ಲದಿದ್ದ ಮೇಲೆ ಅವನನ್ನು ವಂಚಿಸುವುದರಲ್ಲಿ ಸುಖವೇನು? ತಾಳ್ಮೆಗೆ ಸಿಗದ ಫಲ ಬಂದೂಕಿಗೆ ಸಿಗುತ್ತಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಮತ್ತೊಂದಿತ್ತು. ಕಾರ್ಯಾಚರಣೆಯ ನಡುವೆ ಆಟವನ್ನು ಉಳಿಸಿಕೊಳ್ಳುವ ಸೌಲಭ್ಯವೇ ಇರಲಿಲ್ಲ. ಕೊನೆಯ ಬಾಗಿಲಲ್ಲಿ ಗುಂಡು ತಗುಲಿದರೂ ಮೊದಲಿನಿಂದ ಶುರು. ಮನೆಯಲ್ಲಿ ಕಂಪ್ಯೂಟರ್ ಇದ್ದವನಿಗೆ ಇದು ಬರೀ ಕಿರಿಕಿರಿ. ಗಂಟೆಗಿಷ್ಟು ಎಂದು ಕಾಸು ತೆತ್ತು ಕುಳಿತ ಹುಡುಗನಿಗೆ ಮಾತ್ರ ನೇರ ನಷ್ಟ. ಕರೆಂಟು ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ ಕೇಳುವುದೇ ಬೇಡ. ಹಲವರು ಜೊತೆಗೂಡಿ ಆಡುವ ಅವಕಾಶವೂ ಇರಲಿಲ್ಲವಾಗಿ ಒಬ್ಬನ ಕೈಯಲ್ಲಿ ಮೌಸು, ಉಳಿದ ಮೂವರದು ಹೆಗಲ ಹಿಂದಿನಿಂದ ಉಪದೇಶ. ಆಟದ ನಿಜವಾದ ಸ್ವಾರಸ್ಯ ಆ ಉಪದೇಶದಲ್ಲೇ ಇತ್ತೆಂದರೂ ಸಲ್ಲುತ್ತದೆ. ಅದರ ಶ್ರೇಯ ನಾರ್ವೆಯವರಿಗೆ ಸಲ್ಲದು.

2003ರಲ್ಲಿ ಬಂದ 'ಐಜಿಐ 2' ಈ ಎರಡು ಕೊರತೆಗಳನ್ನು ತಕ್ಕಮಟ್ಟಿಗೆ ನೀಗಿತು. ಕಾವಲುಗಾರರ ಬುದ್ಧಿ ಮಾತ್ರ ಹೆಚ್ಚೇನೂ ಬೆಳೆದಿರಲಿಲ್ಲ. ಅಷ್ಟರಲ್ಲಿ ಕತ್ತಲನ್ನೇ ಅಸ್ತ್ರವಾಗಿಸಿದ 'ಸ್ಪ್ಲಿಂಟರ್ ಸೆಲ್' ಬಂದಾಗಿತ್ತು. ಹೋಲಿಕೆಯಲ್ಲಿ ಐಜಿಐ ಪೇಲವವಾಗಿ ಕಂಡಿತು. ಇನ್ನರ್‌ಲೂಪ್ ಸಂಸ್ಥೆಯೂ ಬಾಗಿಲು ಮುಚ್ಚಿತು. ಆದರೆ ಕೆಫೆಗಳ ಹಳೆಯ ಯಂತ್ರಗಳಲ್ಲಿ ಮೊದಲ ಐಜಿಐ ಹಾಗೆಯೇ ಉಳಿಯಿತು. ಗಂಟೆ ಮುಗಿಯುವುದರೊಳಗೆ ಕೆಲಸ ಮುಗಿಸಬೇಕಿದ್ದ ಹುಡುಗರು ಕ್ಯಾಮೆರಾ ಆರಿಸುವ ಗೊಡವೆ ಬಿಟ್ಟು, ಮುಂಬಾಗಿಲಿನಿಂದಲೇ ಗುಂಡು ಹಾರಿಸುತ್ತ ನುಗ್ಗುವುದನ್ನು ರೂಢಿಸಿಕೊಂಡರು.