ಅರ್ಧ ಖಾಲಿ ಬಸ್ಸಿನ ಪೂರ್ತಿ ಲೆಕ್ಕ

ರಾತ್ರಿ 9.30ಕ್ಕೆ ಯಶವಂತಪುರದಿಂದ ಯಲಹಂಕ ದಾಟಿ ರಾಜಾನುಕುಂಟೆಗೆ ಹೋಗೋ ಒಂದು ಬಿಎಂಟಿಸಿ ಬಸ್ಸಿದೆ ಅಂದ್ಕೊಳ್ಳಿ. ಅರ್ಧ ಸೀಟು ಖಾಲಿ. "ಈ ಟ್ರಿಪ್ಪು ಲಾಸು, ನಿಲ್ಲಿಸಿಬಿಡಿ" ಅಂತ ಯಾರಾದ್ರೂ ಅಂದ್ರೆ ನಾವೇನು ಹೇಳ್ತೀವಿ? "ಪಾಪ, ಜನಕ್ಕೆ ತೊಂದರೆ ಆಗುತ್ತೆ" ಅಂತೀವಿ. ಅದು ನಿಜವೇ. ಆದರೆ ಲೆಕ್ಕದ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡೋಕೂ ಆಗುತ್ತೆ. ಲ್ಯಾಬ್ ಮುಗಿಸಿ ಲೇಟಾಗಿ ಹೊರಡೋ ನಮ್ಮಂಥವರು ಆ ಲೆಕ್ಕ ಕಲಿತಿರೋದು ಒಳ್ಳೇದು.

ಕಂಪನಿಗಳಲ್ಲಿ ಎರಡು ಥರದ ಲೆಕ್ಕ ಇರುತ್ತೆ. ಒಂದು ಹೊರಗಿನವರಿಗೆ ತೋರಿಸೋದು: ಸರ್ಕಾರ, ಆಡಿಟರ್, ಬ್ಯಾಂಕು. ಇನ್ನೊಂದು ಒಳಗಿನವರು ತೀರ್ಮಾನ ತಗೊಳ್ಳೋಕೆ ಮಾಡ್ಕೊಳ್ಳೋದು. ಈ ಎರಡನೆಯದೇ ಮ್ಯಾನೇಜೀರಿಯಲ್ ಅಕೌಂಟಿಂಗ್. ಇದರ ಮೊದಲ ಪಾಠ ಖರ್ಚುಗಳನ್ನ ವಿಂಗಡಿಸೋದು. ಆ ಪಾಠದ ಗುಟ್ಟು ಇಷ್ಟೇ: ಒಂದೇ ರೂಪಾಯಿ ಯಾವ ಡಬ್ಬಿಗೆ ಸೇರುತ್ತೆ ಅನ್ನೋದು ನಾವು ಕೇಳೋ ಪ್ರಶ್ನೆಯ ಮೇಲೆ ನಿಂತಿದೆ.

ಯಾವುದರ ಖರ್ಚು?

ಮೊದಲ ವಿಂಗಡಣೆ ನೇರ ವೆಚ್ಚ ಮತ್ತು ಪರೋಕ್ಷ ವೆಚ್ಚ. ನಮ್ಮ 9.30ರ ಟ್ರಿಪ್ಪಿಗೆ ಎಷ್ಟು ಖರ್ಚು ಅಂತ ಕೇಳಿದ್ರೆ, ಆ ಟ್ರಿಪ್ಪಿಗೆ ಸುಟ್ಟ ಡೀಸೆಲ್ ನೇರ ವೆಚ್ಚ. ಡಿಪೋ ಗೇಟಲ್ಲಿರೋ ಸೆಕ್ಯೂರಿಟಿಯವರ ಸಂಬಳ ಪರೋಕ್ಷ, ಯಾಕಂದ್ರೆ ಅವರು ಎಲ್ಲಾ ಬಸ್ಸುಗಳನ್ನೂ ಕಾಯ್ತಾರೆ. ಈಗ ಪ್ರಶ್ನೆ ಬದಲಾಯಿಸಿ. "ಈ ಡಿಪೋಗೆ ಎಷ್ಟು ಖರ್ಚು?" ಅಂದ್ರೆ ಅದೇ ಸಂಬಳ ನೇರ ವೆಚ್ಚ ಆಗಿಬಿಡುತ್ತೆ! ಶಾಂತಿನಗರದಲ್ಲಿರೋ ಕೇಂದ್ರ ಕಚೇರಿಯ ಖರ್ಚು ಮಾತ್ರ ಆಗಲೂ ಪರೋಕ್ಷವೇ.

ವಸ್ತು ತಯಾರು ಮಾಡೋ ಕಡೆಗೂ ಇದೇ ನಿಯಮ. 1984ರಿಂದ ನಮ್ಮ ಯಲಹಂಕದಲ್ಲೇ ಇರೋ ರೈಲು ಗಾಲಿ ಕಾರ್ಖಾನೆಯಲ್ಲಿ ಸ್ಕ್ರ್ಯಾಪ್ ಉಕ್ಕು ಕರಗಿಸಿ ಗಾಲಿ ಎರಕ ಹೊಯ್ತಾರೆ. ಅಂಥ ಕಡೆ ಗಾಲಿಗೆ ಸೇರೋ ಉಕ್ಕು ನೇರ ವೆಚ್ಚ, ಕ್ರೇನ್ ರಿಪೇರಿ ಓವರ್‌ಹೆಡ್. ಎರಡೂ ಗಾಲಿಯ ಬೆಲೆಯೊಳಗೆ ಸೇರ್ಕೊಳ್ಳುತ್ತೆ. ಆಡಳಿತ ಕಚೇರಿಯ ಖರ್ಚು ಹಾಗಲ್ಲ, ಅದನ್ನ ಆಯಾ ವರ್ಷದ ಖರ್ಚು ಅಂತಲೇ ಬರೀತಾರೆ. ಗಾಲಿಯನ್ನ ಗೋಡೌನಲ್ಲಿ ಇಡಬಹುದು. ಬಸ್ಸಿನ ಖಾಲಿ ಸೀಟನ್ನ ನಾಳೆಗೆ ಎತ್ತಿಡೋಕೆ ಆಗಲ್ಲ. ಸೇವೆಯ ಲೆಕ್ಕ ಕಷ್ಟ ಆಗೋದು ಇಲ್ಲೇ.

ಓಡಿದ್ರೂ, ನಿಂತ್ರೂ

ಎರಡನೇ ವಿಂಗಡಣೆ ಸ್ಥಿರ ವೆಚ್ಚ ಮತ್ತು ಬದಲಾಗೋ ವೆಚ್ಚ. ಡೀಸೆಲ್, ಟೈರ್ ಸವೆತ, ಆಯಿಲ್ ಎಲ್ಲಾ ಕಿಲೋಮೀಟರ್ ಹೆಚ್ಚಾದಂಗೆ ಹೆಚ್ಚಾಗುತ್ತೆ. ಬಸ್ಸಿನ ಇನ್ಶೂರೆನ್ಸ್, ಖಾಯಂ ಸಿಬ್ಬಂದಿಯ ತಿಂಗಳ ಸಂಬಳ ಬಸ್ಸು ಓಡಿದ್ರೂ ಅಷ್ಟೇ, ನಿಂತ್ರೂ ಅಷ್ಟೇ. ಇವೆರಡರ ಮಧ್ಯೆ ಮಿಶ್ರ ವೆಚ್ಚ ಅಂತ ಒಂದಿದೆ. ಮನೆಯ ಬೆಸ್ಕಾಂ ಬಿಲ್ ನೋಡಿ: ಒಂದು ಸಾಲು ನಿಗದಿತ ಶುಲ್ಕ, ಇನ್ನೊಂದು ಸಾಲು ಬಳಸಿದ ಯೂನಿಟ್‌ಗೆ.

ಇನ್ನೊಂದು ಜಾತಿ ಮೆಟ್ಟಿಲ ಥರ ಏರುತ್ತೆ. ಒಂದು ಟ್ರಿಪ್ ಸೇರಿಸಿದ್ರೆ ಸಂಬಳದ ಖರ್ಚು ಏರಲ್ಲ. ಆದರೆ ಸೇರಿಸ್ತಾ ಸೇರಿಸ್ತಾ ಹೋದ್ರೆ ಒಂದು ಹಂತದಲ್ಲಿ ಇನ್ನೊಂದು ಬಸ್ಸು, ಇನ್ನೊಬ್ಬ ಡ್ರೈವರ್, ಇನ್ನೊಬ್ಬ ಕಂಡಕ್ಟರ್ ಬೇಕಾಗುತ್ತೆ. ಆಗ ಖರ್ಚು ಒಮ್ಮೆಲೇ ಮೇಲೆ ಹಾರುತ್ತೆ.

ಈಗ ಟ್ರಿಪ್ಪಿನ ಲೆಕ್ಕ

ಸಾರಿಗೆ ನಿಗಮಗಳು ಕಿಲೋಮೀಟರಿಗೆ ಆಗೋ ಖರ್ಚನ್ನ ಲೆಕ್ಕ ಹಾಕ್ತವೆ. ಒಟ್ಟು ಖರ್ಚನ್ನ ಓಡಿದ ಒಟ್ಟು ಕಿಲೋಮೀಟರಿಂದ ಭಾಗಿಸೋದು, ಅಷ್ಟೇ. ಕೆಳಗಿನ ಅಂಕಿಗಳು ಲೆಕ್ಕ ಸುಲಭ ಆಗ್ಲಿ ಅಂತ ನಾನೇ ಹಾಕ್ಕೊಂಡಿರೋದು, ನಿಗಮದ್ದಲ್ಲ.

ಸರಾಸರಿ ಖರ್ಚು ಕಿಲೋಮೀಟರಿಗೆ ₹80, ದೂರ 20 ಕಿಲೋಮೀಟರ್. ಟ್ರಿಪ್ಪಿನ ಖರ್ಚು ₹1600. ಪ್ರಯಾಣಿಕರು 24 ಜನ, ತಲೆಗೆ ಸರಾಸರಿ ₹25. ಆದಾಯ ₹600. ನೋಡಿದ ತಕ್ಷಣ ₹1000 ನಷ್ಟ. ನಿಲ್ಲಿಸಿಬಿಡೋಣ್ವಾ?

ತಾಳಿ. ನಿಲ್ಲಿಸಿದ್ರೆ ನಿಜವಾಗಿ ಉಳಿಯೋದೇನು? ಲೀಟರಿಗೆ 4 ಕಿಲೋಮೀಟರ್ ಅಂದ್ರೆ 5 ಲೀಟರ್ ಡೀಸೆಲ್. ಲೀಟರಿಗೆ ₹90ರಂತೆ ₹450. ಟೈರ್, ಆಯಿಲ್‌ಗೆ ಇನ್ನೊಂದು ₹50 ಸೇರಿಸಿ. ಒಟ್ಟು ₹500. ಮಿಕ್ಕ ₹1100 ಸಂಬಳ, ಡಿಪೋ, ಕಚೇರಿಯ ಪಾಲು. ಈ ಟ್ರಿಪ್ ನಿಂತ್ರೂ ಅದು ಎಲ್ಲೂ ಹೋಗಲ್ಲ, ಬೇರೆ ಟ್ರಿಪ್ಪುಗಳ ತಲೆ ಮೇಲೆ ಕೂರುತ್ತೆ. ಅಂದ್ರೆ ₹500 ಉಳಿಸೋಕೆ ಹೋಗಿ ₹600 ಕಳ್ಕೊಂಡಂಗೆ. "ನಷ್ಟ" ನಿಲ್ಲಿಸಿದ್ದಕ್ಕೆ ₹100 ನಷ್ಟ!

ನಿಲ್ಲಿಸಿದ್ರೆ ತಪ್ಪೋ ಖರ್ಚಿಗೆ ತಪ್ಪಿಸಬಹುದಾದ ವೆಚ್ಚ ಅಂತಾರೆ. ಬಸ್ಸು ಕೊಳ್ಳೋಕೆ ಹಿಂದೆ ಕೊಟ್ಟ ದುಡ್ಡು ಮುಳುಗಿದ ವೆಚ್ಚ, ಇವತ್ತಿನ ತೀರ್ಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಹಾಗಂತ ₹80ರ ಸರಾಸರಿ ಸುಳ್ಳಲ್ಲ. ಟಿಕೆಟ್ ದರ ಎಷ್ಟಿರಬೇಕು ಅಂತ ಕೇಳುವಾಗ ಅದು ಬೇಕೇ ಬೇಕು, ಯಾಕಂದ್ರೆ ವರ್ಷದ ಕೊನೆಗೆ ಎಲ್ಲಾ ಖರ್ಚೂ ಎಲ್ಲಿಂದಲಾದ್ರೂ ಹುಟ್ಟಬೇಕು. 2025ರ ಜನವರಿ 5ರಿಂದ ಬಸ್ ದರ 15% ಏರಿತಲ್ಲ, ಅಂಥ ತೀರ್ಮಾನಕ್ಕೆ ಇಡೀ ನಿಗಮದ ಖರ್ಚು ನೋಡಲೇಬೇಕು. ಒಂದು ಟ್ರಿಪ್ ನಿಲ್ಲಿಸೋ ಪ್ರಶ್ನೆಗೆ ಅದೇ ಅಂಕಿ ದಾರಿ ತಪ್ಪಿಸುತ್ತೆ.

ಎದುರು ಪಕ್ಷದ ವಾದ

ಪ್ರಾಮಾಣಿಕವಾಗಿ ಇನ್ನೊಂದು ಕಡೆಯಿಂದಲೂ ನೋಡೋಣ. ಈ ಟ್ರಿಪ್ಪಿಗೆ ಓವರ್‌ಟೈಮ್ ಕೊಡ್ತಿದ್ರೆ ಅದೂ ತಪ್ಪಿಸಬಹುದಾದ ವೆಚ್ಚವೇ. ವಾಪಸ್ ಖಾಲಿ ಬಸ್ಸನ್ನ ಡಿಪೋಗೆ ತರೋ ಡೆಡ್ ಕಿಲೋಮೀಟರ್ ಡೀಸೆಲ್ಲೂ ಸೇರಬೇಕು. ಇನ್ನೂ ಮುಖ್ಯವಾದದ್ದು: ಟ್ರಿಪ್ ನಿಂತಾಗ 24ರಲ್ಲಿ 8 ಜನ ಹಿಂದಿನ ಬಸ್ಸೇ ಹಿಡಿದ್ರೆ ಅವರ ₹200 ನಿಗಮಕ್ಕೆ ಹೇಗೂ ಬರುತ್ತೆ. ಕಳ್ಕೊಳ್ಳೋದು ₹400, ಉಳಿಯೋದು ₹500. ಲೆಕ್ಕ ಉಲ್ಟಾ!

ಹಾಗಾಗಿ ಕೇಳಬೇಕಾದ್ದು "ಬಸ್ಸು ಎಷ್ಟು ಖಾಲಿ?" ಅಂತಲ್ಲ, "ಇವರಿಗೆ ಬೇರೆ ಬಸ್ಸಿದೆಯಾ?" ಅಂತ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆ ಹೋಗೋ 500ಡಿ ಥರದ ರೂಟಲ್ಲಿ ಒಂದು ಹೋದ್ರೆ ಇನ್ನೊಂದು ಬರುತ್ತೆ. ಕೊನೆ ಬಸ್ಸಿನ ಕಥೆಯೇ ಬೇರೆ. ಅದು ಇಲ್ಲ ಅಂದ್ರೆ ಸಂಜೆ ಹೋಗುವಾಗಲೂ ಕೆಲವರು ಬಸ್ ಬಿಟ್ಟು ಸ್ಕೂಟಿ ತಗೊಂಡೇ ಹೊರಡ್ತಾರೆ. ಕೊನೆ ಟ್ರಿಪ್ಪಿನ ಜೊತೆ ಬೇರೆ ಟ್ರಿಪ್ಪಿನ ಆದಾಯವೂ ಹೋಗುತ್ತೆ.

ಆದಾಯದ ಲೆಕ್ಕದಲ್ಲೂ ಒಂದು ಬಲೆ ಇದೆ. ನಮ್ಮ ಸ್ಟೂಡೆಂಟ್ ಪಾಸಿನ ದುಡ್ಡು ಮೊದಲೇ ಕಟ್ಟಾಗಿರುತ್ತೆ. ಕಂಡಕ್ಟರ್ ಬ್ಯಾಗಿನ ಕಲೆಕ್ಷನ್ ಮಾತ್ರ ನೋಡಿದ್ರೆ ಪಾಸಿನವರು ತುಂಬಿದ ಬಸ್ಸೂ "ಖಾಲಿ". 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಹಾಗೇ. ಬ್ಯಾಗಿಗೆ ದುಡ್ಡು ಬೀಳಲ್ಲ, ಆ ಪ್ರಯಾಣದ ಮೊತ್ತವನ್ನ ಸರ್ಕಾರ ಭರಿಸಬೇಕು.

ಬಸ್ಸು ಬದಲಾದ್ರೆ ಡಬ್ಬಿಯೂ ಬದಲು

ಈಗ ಓಡ್ತಿರೋ ಎಷ್ಟೋ ಎಲೆಕ್ಟ್ರಿಕ್ ಬಸ್ಸುಗಳು ಬಿಎಂಟಿಸಿಯ ಸ್ವಂತದ್ದಲ್ಲ. ಬಸ್ಸೂ ಡ್ರೈವರೂ ಗುತ್ತಿಗೆ ಕಂಪನಿಯದು, ಕಂಡಕ್ಟರ್ ನಿಗಮದವರು, ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ಮೇಲ್ನೋಟಕ್ಕೆ ಅಪ್ಪಟ ಬದಲಾಗೋ ವೆಚ್ಚ. ಆದರೆ ಇಂಥ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಇಂತಿಷ್ಟು ಕಿಲೋಮೀಟರ್ ಅಂತ ಖಾತ್ರಿ ಇರುತ್ತೆ. ಆ ಮಿತಿಯೊಳಗೆ ಟ್ರಿಪ್ ಕಡಿಮೆ ಮಾಡಿದ್ರೆ ಉಳಿಯೋದು ಕಮ್ಮಿ. ಹೆಸರಿಗೆ ಬದಲಾಗೋ ವೆಚ್ಚ, ನಡವಳಿಕೆ ಸ್ಥಿರ ವೆಚ್ಚದ್ದು.

ನಾಳೆ ನಿಮ್ಮ ರೂಟಿನ ಕೊನೆ ಟ್ರಿಪ್ ನಿಲ್ಲಿಸ್ತಾರೆ ಅಂತ ಸುದ್ದಿ ಬಂದ್ರೆ ಡಿಪೋಗೆ ಮನವಿ ಬರೀರಿ. ಅದರಲ್ಲಿ ಮೂರು ಪ್ರಶ್ನೆ ಇರ್ಲಿ: ನಿಲ್ಲಿಸಿದ್ರೆ ಯಾವ ಖರ್ಚು ನಿಜವಾಗಿ ತಪ್ಪುತ್ತೆ? ಪಾಸು ಮತ್ತು ಶೂನ್ಯ ಟಿಕೆಟ್‌ನವರನ್ನ ಎಣಿಸಿದ್ದೀರಾ? ಇದರ ನಂತರ ಬೇರೆ ಬಸ್ಸಿದೆಯಾ? ಸಹಿ ಹಾಕೋರು ಕ್ಲಾಸಲ್ಲಿ ಬೇಕಾದಷ್ಟು ಜನ ಸಿಗ್ತಾರೆ.