ವಾದ್ಯವೃಂದದ ವಿದೇಶ ಯಾತ್ರೆ: ಶ್ರುತಿಯೂ ಹವೆಯೂ

1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಸ್ಟನ್ ಸಿಂಫನಿ ವಾದ್ಯವೃಂದವು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ಮತ್ತು ಮಾಸ್ಕೋ ನಗರಗಳಲ್ಲಿ ಕಚೇರಿ ನಡೆಸಿತು. ಎರಡು ಬಲಾಢ್ಯ ರಾಷ್ಟ್ರಗಳು ಒಂದನ್ನೊಂದು ಸಂಶಯದಿಂದ ನೋಡುತ್ತಿದ್ದ ಕಾಲವದು. ಅಮೆರಿಕದ ಸಿಂಫನಿ ವಾದ್ಯವೃಂದವೊಂದು ಆ ದೇಶದಲ್ಲಿ ನುಡಿಸಿದ್ದು ಅದೇ ಮೊದಲು. ಮುಂದೆ 1973ರಲ್ಲಿ ಫಿಲಡೆಲ್ಫಿಯಾದ ವಾದ್ಯವೃಂದವು ಚೀನಕ್ಕೂ, 2008ರಲ್ಲಿ ನ್ಯೂಯಾರ್ಕಿನ ವಾದ್ಯವೃಂದವು ಉತ್ತರ ಕೊರಿಯಕ್ಕೂ ಹೋಗಿಬಂದವು. ಇಂಥ ಯಾತ್ರೆಗಳ ರಾಜಕೀಯ ಮಹತ್ವವನ್ನು ಕುರಿತು ಬಹಳಷ್ಟು ಬರೆದಿದ್ದಾರೆ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಬೇರೆ. ವಾದಕರು ತಮ್ಮ ವಾದ್ಯಗಳನ್ನು ಒಯ್ಯಬಲ್ಲರು, ಸ್ವರಲಿಪಿಯನ್ನು ಒಯ್ಯಬಲ್ಲರು. ತಮ್ಮ ಊರಿನ ಗಾಳಿಯನ್ನು ಒಯ್ಯಬಲ್ಲರೆ? ತಾವು ನಿತ್ಯವೂ ನುಡಿಸುವ ಸಭಾಂಗಣವನ್ನು ಒಯ್ಯಬಲ್ಲರೆ? ಒಯ್ಯಲಾರರಾದ್ದರಿಂದ, ಮನೆಯಲ್ಲಿ ಸಾಧಿಸಿದ ಸಾಮರಸ್ಯವನ್ನು ಪ್ರತಿಯೊಂದು ಊರಿನಲ್ಲಿಯೂ ಹೊಸದಾಗಿ ಸಾಧಿಸಬೇಕಾಗುತ್ತದೆ. ಇದೇಕೆ ಎಂಬುದನ್ನು ಈಗ ನೋಡೋಣ.

ದೊಡ್ಡ ವಾದ್ಯವೃಂದದಲ್ಲಿ ಎಂಬತ್ತರಿಂದ ನೂರು ಮಂದಿ ವಾದಕರಿರುತ್ತಾರೆ. ಪಿಟೀಲು, ಸೆಲ್ಲೋ ಮುಂತಾದ ತಂತಿವಾದ್ಯಗಳು, ಕೊಳಲು, ಕ್ಲಾರಿನೆಟ್, ತುತ್ತೂರಿ ಮುಂತಾದ ಗಾಳಿವಾದ್ಯಗಳು, ಚರ್ಮವಾದ್ಯಗಳು, ಇವೆಲ್ಲವೂ ಒಂದೇ ಶ್ರುತಿಯಲ್ಲಿ ನುಡಿಯಬೇಕು. ಕಚೇರಿಗೆ ಮೊದಲು ಓಬೋ ವಾದಕನು ಒಂದು ಸ್ವರವನ್ನು ಹಿಡಿದು ಊದುತ್ತಾನೆ. ಓಬೋ ಎಂಬುದು ನಮ್ಮ ನಾಗಸ್ವರದಂತೆ ಜೋಡಿ ನಾಲಗೆಯಿಂದ ನುಡಿಯುವ ವಾದ್ಯ. ಅದರ ಸ್ವರ ಸ್ಥಿರವಾದದ್ದು, ಗದ್ದಲದ ನಡುವೆಯೂ ಕೇಳಿಸುವಂಥದು. ಉಳಿದವರೆಲ್ಲರೂ ಅದಕ್ಕೆ ತಮ್ಮ ವಾದ್ಯವನ್ನು ಹೊಂದಿಸಿಕೊಳ್ಳುತ್ತಾರೆ. ಈ ಸ್ವರದ ಕಂಪನ ಸಂಖ್ಯೆ ಸೆಕೆಂಡಿಗೆ 440 ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾನ. ಯೂರೋಪಿನ ಹಲವು ವಾದ್ಯವೃಂದಗಳು 442 ಅಥವಾ 443ನ್ನು ಇಟ್ಟುಕೊಳ್ಳುವುದೂ ಉಂಟು.

ಎರಡು ವಾದ್ಯಗಳ ಕಂಪನ ಸಂಖ್ಯೆಗಳು ಒಂದಕ್ಕೊಂದು ಸರಿಹೊಂದದಿದ್ದರೆ ಏನಾಗುತ್ತದೆ? ಒಂದು 440, ಇನ್ನೊಂದು 436 ಎಂದಿಟ್ಟುಕೊಳ್ಳೋಣ. ಆಗ ಕೂಡಿದ ನಾದವು ಸೆಕೆಂಡಿಗೆ ನಾಲ್ಕು ಬಾರಿ ಏರುತ್ತ ಇಳಿಯುತ್ತ ಅಲೆಯಾಡುತ್ತದೆ. ಇವೇ ನಮ್ಮ ಪಠ್ಯಪುಸ್ತಕಗಳ ವಿಸ್ಪಂದಗಳು. ಪ್ರಯೋಗಶಾಲೆಯಲ್ಲಿ ಇವು ಸ್ವಾರಸ್ಯಕರ, ಕಚೇರಿಯಲ್ಲಿ ಕರ್ಣಕಠೋರ.

ಈಗ ಹವೆಯ ವಿಚಾರಕ್ಕೆ ಬರೋಣ. ಗಾಳಿವಾದ್ಯದಲ್ಲಿ ಕಂಪಿಸುವುದು ನಳಿಗೆಯೊಳಗಿನ ವಾಯುಸ್ತಂಭ. ಅದರ ಉದ್ದವೇ ಅಲೆಯ ಉದ್ದವನ್ನು ನಿರ್ಧರಿಸುತ್ತದೆಯಾದ್ದರಿಂದ, ಕಂಪನ ಸಂಖ್ಯೆಯು ಶಬ್ದದ ವೇಗವನ್ನು ಅನುಸರಿಸುತ್ತದೆ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ದೂರ ಸಾಗುತ್ತದೆ. ಉಷ್ಣತೆಯು ಒಂದು ಡಿಗ್ರಿ ಇಳಿದರೆ ಈ ವೇಗವು ಸುಮಾರು 0.6 ಮೀಟರಿನಷ್ಟು ತಗ್ಗುತ್ತದೆ. ವಾದ್ಯದೊಳಗಿನ ಗಾಳಿ 20ರಿಂದ 10 ಡಿಗ್ರಿಗೆ ತಣಿದರೆ 440ರ ಸ್ವರವು 432ರ ಸಮೀಪಕ್ಕೆ ಕುಸಿಯುತ್ತದೆ. ವಾದಕನ ಉಸಿರು ನಳಿಗೆಯನ್ನು ಬೆಚ್ಚಗಾಗಿಸುವುದರಿಂದ ಕಚೇರಿಯಲ್ಲಿ ವ್ಯತ್ಯಾಸ ಇಷ್ಟಾಗುವುದಿಲ್ಲ. ಆದರೆ ಬಹಳ ಹೊತ್ತು ಸುಮ್ಮನಿದ್ದು ಮತ್ತೆ ನುಡಿಸಬೇಕಾದವನು ತಣಿದ ವಾದ್ಯವನ್ನು ಮೊದಲು ಸದ್ದಿಲ್ಲದೆ ಊದಿ ಬೆಚ್ಚಗೆ ಮಾಡಿಕೊಳ್ಳುತ್ತಾನೆ.

ತಂತಿವಾದ್ಯಗಳಲ್ಲಿ ಇದು ತಿರುಗುಮುರುಗು. ಚಳಿಗೆ ಲೋಹದ ತಂತಿ ಕುಗ್ಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಸೆಕೆಗೆ ಹಿಗ್ಗಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ. ಹೀಗೆ ಉಷ್ಣತೆ ಬದಲಾದಾಗ ವೃಂದದ ಎರಡು ಪಂಗಡಗಳು ಎರಡು ದಿಕ್ಕಿಗೆ ಸರಿಯುತ್ತವೆ.

ಉಷ್ಣತೆಗಿಂತಲೂ ಹೆಚ್ಚು ಅಂಜಬೇಕಾದದ್ದು ತೇವಾಂಶದ ಏರಿಳಿತಕ್ಕೆ. ಮುಂಬಯಿಯಲ್ಲಿ 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರವಾಸ ಕೈಗೊಂಡಿತು. ಕಡಲತಡಿಯ ಊರಿನಿಂದ ಶೀತದೇಶದ ಚಳಿಗಾಲಕ್ಕೆ ಹೋಗುವ ವಾದ್ಯದ ಪಾಡನ್ನು ಲೆಕ್ಕಹಾಕಿ ನೋಡಿ. ಸೊನ್ನೆ ಡಿಗ್ರಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80 ಇದ್ದರೂ, ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆಯು ಶೇಕಡ 21ರ ಸುಮಾರಿಗೆ ಇಳಿಯುತ್ತದೆ. ನೀರಾವಿ ಅಷ್ಟೇ ಇದೆ. ಗಾಳಿಯ ದಾಹ ಹೆಚ್ಚಿದೆ. ಅದು ಮರದೊಳಗಿನ ತೇವವನ್ನು ಹೀರುತ್ತದೆ. ಮರವು ಎಳೆಯ ಉದ್ದಕ್ಕೆ ಬಹು ಸ್ವಲ್ಪವೂ, ಎಳೆಗೆ ಅಡ್ಡಲಾಗಿ ಹೆಚ್ಚಾಗಿಯೂ ಕುಗ್ಗುತ್ತದೆ. ಪಿಟೀಲಿನ ತೆಳುವಾದ ಮೇಲ್ಹಲಗೆ ಸೀಳುವುದು, ಬೆಸುಗೆ ಬಿಡುವುದು ಈ ಕಾರಣದಿಂದಲೇ. ನೂರಾರು ವರ್ಷ ಬಾಳಿದ ವಾದ್ಯವೂ ಇದಕ್ಕೆ ಹೊರತಲ್ಲ. ಆ ಪ್ರವಾಸದಲ್ಲಿ ಜಾಕಿರ್ ಹುಸೇನರು ವೃಂದದೊಡನೆ ತಬಲ ನುಡಿಸಿದರು. ತಬಲದ ಚರ್ಮವಾದರೂ ಒಣಹವೆಯಲ್ಲಿ ಬಿಗಿದು ಶ್ರುತಿ ಏರಿಸುವಂಥದೇ.

ಆದುದರಿಂದ ಯಾತ್ರೆ ಹೊರಟ ವಾದ್ಯಗಳನ್ನು ಒಳಗೆ ಮೆತ್ತೆ ಹಾಸಿದ ಗಟ್ಟಿ ಪೆಟ್ಟಿಗೆಗಳಲ್ಲಿ ಇರಿಸುತ್ತಾರೆ. ಊರು ತಲಪಿದೊಡನೆ ಅವುಗಳನ್ನು ತೆರೆಯುವುದಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಕೆಲವು ಗಂಟೆಗಳ ಕಾಲ ಸಭಾಂಗಣದಲ್ಲಿಯೇ ಬಿಡುತ್ತಾರೆ. ಒಳಗಿನ ಹವೆಯು ನಿಧಾನವಾಗಿ ಹೊರಗಿನದಕ್ಕೆ ಹೊಂದಿಕೊಂಡರೆ ಮರಕ್ಕೆ ಆಘಾತವಿಲ್ಲ.

ಇನ್ನುಳಿದದ್ದು ಸಭಾಂಗಣ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ವಾಲೇಸ್ ಸೇಬಿನ್ ಒಂದು ಉಪನ್ಯಾಸ ಮಂದಿರದ ದೋಷವನ್ನು ಪರಿಹರಿಸಲು ತೊಡಗಿದರು. ಅಲ್ಲಿ ಆಡಿದ ಮಾತು ಐದು ಸೆಕೆಂಡಿಗಿಂತಲೂ ಹೆಚ್ಚು ಕಾಲ ಅನುರಣಿಸಿ ಮುಂದಿನ ಮಾತನ್ನು ನುಂಗುತ್ತಿತ್ತು. ಆಸನದ ಮೆತ್ತೆಗಳನ್ನು ಒಂದೊಂದಾಗಿ ತಂದಿರಿಸಿ ಅಳೆದು, ಅನುರಣನದ ಕಾಲವು ಕೋಣೆಯ ಘನ ಅಳತೆಗೆ ಅನುಲೋಮವಾಗಿಯೂ ಅಲ್ಲಿನ ಶಬ್ದಹೀರಿಕೆಗೆ ವಿಲೋಮವಾಗಿಯೂ ಇರುತ್ತದೆಂದು ಅವರು ಕಂಡುಹಿಡಿದರು. ಈ ಜ್ಞಾನದ ಆಧಾರದಿಂದ ಕಟ್ಟಿ 1900ರಲ್ಲಿ ತೆರೆದದ್ದೇ ಬಾಸ್ಟನ್ನಿನ ಸಿಂಫನಿ ಭವನ. ಆ ಭವನದಲ್ಲಿ ಬೆಳೆದ ವೃಂದವೇ 1956ರಲ್ಲಿ ಅಪರಿಚಿತ ಸಭಾಂಗಣಗಳಿಗೆ ಹೋಗಿ ನುಡಿಸಿದ್ದು. ಬಟ್ಟೆ ತೊಟ್ಟ ಮನುಷ್ಯನೂ ಶಬ್ದವನ್ನು ಹೀರುತ್ತಾನೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಅಭ್ಯಾಸ ಮಾಡಿದ ವಾದಕರಿಗೆ, ಸಂಜೆ ಜನ ತುಂಬಿದಾಗ ಅದೇ ಸಭಾಂಗಣವು ಬೇರೆಯಾಗಿ ಕೇಳಿಸುತ್ತದೆ. ಯಂತ್ರಗಳು ಶ್ರುತಿಯನ್ನು ತೋರಿಸಬಲ್ಲವು. ಕಚೇರಿ ನಡೆಯುತ್ತಿರುವಾಗ ಪಕ್ಕದವನನ್ನು ಕೇಳುತ್ತ ಕೂದಲೆಳೆಯಷ್ಟು ತಿದ್ದಿಕೊಳ್ಳುವ ಕೆಲಸವು ವಾದಕನ ಕಿವಿಯದೇ.

ಇದನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ವಿದೇಶಕ್ಕೆ ಹೋಗಬೇಕಾಗಿಲ್ಲ. ಚಳಿಗಾಲದ ಮುಂಜಾನೆ, ರಾತ್ರಿಯೆಲ್ಲ ಹೊರಗಿಟ್ಟಿದ್ದ ಬಿದಿರಿನ ಕೊಳಲೊಂದನ್ನು ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಅದರ ಒಂದು ಸ್ವರಕ್ಕೆ ವಿಸ್ಪಂದಗಳು ಕೇಳಿಸದಂತೆ ಹೊಂದಿಸಿ. ಆಮೇಲೆ ಐದು ನಿಮಿಷ ಕೊಳಲನ್ನು ಬಿಡದೆ ಊದಿ, ಅದೇ ಸ್ವರವನ್ನು ಅದೇ ಬಲದಿಂದ ನುಡಿಸಿ. ಹೊಸದಾಗಿ ಕೇಳಿಬರುವ ವಿಸ್ಪಂದಗಳನ್ನು ಎಣಿಸಿದರೆ, ನಿಮ್ಮ ಉಸಿರು ಆ ವಾಯುಸ್ತಂಭವನ್ನು ಎಷ್ಟು ಬೆಚ್ಚಗಾಗಿಸಿತೆಂದು ನೀವೇ ಲೆಕ್ಕಹಾಕಬಹುದು.