ಮೇಲಿನ ಹೊಲ, ಕೊನೆಯ ಹೊಲ: ನಾಲೆ ನೀರಿಗೆ ನಾಲ್ಕು ಪ್ರಶ್ನೆ

ಸಿಂಧನೂರು ಅಂದ್ರೆ ಭತ್ತ, ಅಕ್ಕಿ ಗಿರಣಿ. ಆದರೆ ತುಂಗಭದ್ರಾ ಎಡದಂಡೆ ನಾಲೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಮಿತ ನೀರಿನ ಬೆಳೆಗಳಿಗೆ. ಇರೋ ನೀರು ಹೆಚ್ಚು ಹೊಲ ಮುಟ್ಟಲಿ ಅನ್ನೋದು ಲೆಕ್ಕ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. 227 ಕಿ.ಮೀ. ನಾಲೆಯ ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿಯುತ್ತಾರೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯವೂ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ.

ಈಗ ಊಹಿಸಿ: ನಾಲೆಗೆ ಅನುಮತಿಯಿಲ್ಲದ ಪಂಪ್‌ಸೆಟ್ ಕೂರಿಸಿಕೊಡಿ ಅಂತ ಒಬ್ಬರು ನಿಮ್ಮನ್ನು ಕೇಳಿದರು. ಏನು ಮಾಡ್ತೀರಿ?

ಒಟ್ಟು ಲಾಭ: ಗಿರಣಿ, ಹಮಾಲಿ, ಕೂಲಿ ಎಲ್ಲಾ ಕೂಡಿಸಿದರೆ ಉತ್ತರ ಭತ್ತದ ಪರ ಬರಬಹುದು. ಆದರೆ ಒಣಗಿದ ಹೊಲ, ಗುಳೆ ಹೋದ ಮನೆ ಇವನ್ನು ಕಳೆಯದಿದ್ದರೆ ಲೆಕ್ಕ ಅರ್ಧವೇ.

ಹಕ್ಕು: ಅಚ್ಚುಕಟ್ಟಿಗೆ ಸೇರಿದ ಕೊನೆಯ ಹೊಲಕ್ಕೂ ಪಾಲಿದೆ. ನನಗೆ ಲಾಭ ಜಾಸ್ತಿ ಅಂತ ಅದನ್ನು ಎತ್ತುವಂತಿಲ್ಲ.

ಅದಲು ಬದಲು: ನಿಮ್ಮ ಹೊಲ ನಾಲೆಯ ಯಾವ ತುದಿಗಿದೆ ಅಂತ ಗೊತ್ತಿಲ್ಲದಿದ್ದರೆ ಎಂಥ ಹಂಚಿಕೆ ಒಪ್ತೀರಿ?

ಬಹಿರಂಗ: ಮಾಡಿದ್ದನ್ನು ಮಾನ್ವಿಯ ರೈತರ ಸಭೆಯಲ್ಲಿ ನಿಂತು ಹೇಳಬಲ್ಲಿರಾ?

ನಿಯಮಗಳು ಒಂದಕ್ಕೊಂದು ಎದುರಾದರೆ ಮೊದಲು ಹಕ್ಕು ಉಳಿಸಿ, ಆಮೇಲೆ ಲಾಭ ಹುಡುಕಿ. ಹಾಗಂತ ಸಾಲ ಮಾಡಿ ಭತ್ತ ಹಚ್ಚಿದವರ ನೀರನ್ನು ರಾತ್ರೋರಾತ್ರಿ ನಿಲ್ಲಿಸೋದೂ ನ್ಯಾಯವಲ್ಲ. ಬಿತ್ತನೆಗೆ ಮೊದಲೇ ಸರದಿ ಪಟ್ಟಿ, ಪ್ರತಿ ಉಪನಾಲೆಗೆ ಎಲ್ಲರಿಗೂ ಕಾಣುವ ಅಳತೆಪಟ್ಟಿ, ಕಡಿಮೆ ನೀರಿನ ಕೂರಿಗೆ ಭತ್ತ: ಇವು ನಮ್ಮ ಕೈಲಾಗುವ ಕೆಲಸ.

ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವರು ಗಣಿ ಎಂಜಿನಿಯರ್ ಬೀಡನ್. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತೆ ಅನ್ನೋದು ಅದರ ಸಾರ. ನಾಲೆ ನೀರಿಗೂ, ಲಿಂಗಸುಗೂರು ಕಡೆಯ ನಾರಾಯಣಪುರ ಬಲದಂಡೆಗೂ ಇದೇ ಅಳತೆ ಹಿಡಿದು ನೋಡಿ.